ವಾದದ ಕೀಲು ಎಲ್ಲಿದೆ? ರಾಜಕೀಯ ಜಗಳದಲ್ಲಿ ನಿಜವಾದ ಭಿನ್ನಾಭಿಪ್ರಾಯ ಹುಡುಕುವ ಬಗೆ

ಕಸ್ತೂರಿರಂಗನ್ ವರದಿಯ ಹೆಸರೆತ್ತಿದರೆ ಬೈಂದೂರು, ಕುಂದಾಪುರದ ಘಟ್ಟದ ತಪ್ಪಲಲ್ಲಿ ಎರಡು ಮಾತು ಕೇಳಿಸುತ್ತವೆ. ಒಂದು, 'ಅದು ಬಂದರೆ ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ.' ಇನ್ನೊಂದು, 'ಘಟ್ಟ ಹೋದರೆ ಕೆಳಗೆ ಹೊಳೆಯೂ ಇಲ್ಲ, ಗದ್ದೆಯೂ ಇಲ್ಲ.' ಮೊದಲನೆಯದು ಪ್ರತಿಭಟನೆಯ ಮೈಕಿನಲ್ಲಿ, ಎರಡನೆಯದು ಹೆಚ್ಚಾಗಿ ಫೇಸ್‌ಬುಕ್ಕಿನಲ್ಲಿ. 2013ರಿಂದ ಇದೇ ನಡೆದಿದೆ.

ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಇವು ಒಂದನ್ನೊಂದು ಅಲ್ಲಗಳೆಯುವುದೇ ಇಲ್ಲ. ಘಟ್ಟ ಉಳಿಯಬೇಕು, ಆದರೆ ಈ ವರದಿಯಿಂದ ನನ್ನ ಜಾಗಕ್ಕೆ ಕುತ್ತು ಬರುತ್ತದೆ ಅಂತ ನಂಬುವವರು ಊರು ತುಂಬ ಇದ್ದಾರೆ. ಅವರು ಎರಡೂ ವಾಕ್ಯಕ್ಕೆ ತಲೆಯಾಡಿಸುತ್ತಾರೆ. ಅಂದರೆ ಹತ್ತಕ್ಕೂ ಹೆಚ್ಚು ವರ್ಷ ಜಗಳ ನಡೆದದ್ದು ಎರಡು ಘೋಷಣೆಗಳ ನಡುವೆ, ಆದರೆ ಆ ಘೋಷಣೆಗಳ ನಡುವೆ ವಿರೋಧವೇ ಇಲ್ಲ. ವಿರೋಧ ಇರೋದು ಬೇರೆಲ್ಲೋ. ಆ ಜಾಗವನ್ನು ಇಲ್ಲಿ 'ಕೀಲು' ಅಂತ ಕರೆಯುತ್ತೇನೆ. ಬಾಗಿಲು ಎಷ್ಟೇ ದೊಡ್ಡದಿರಲಿ, ತಿರುಗೋದು ಒಂದೆರಡು ಕೀಲಿನ ಮೇಲೆ. ಒಬ್ಬರ ನಿಲುವಿನಲ್ಲಿ ಯಾವ ಒಂದು ನಂಬಿಕೆ ಬದಲಾದರೆ ಇಡೀ ನಿಲುವೇ ತಿರುಗುತ್ತದೋ, ಮತ್ತು ಎದುರಿನವರು ಯಾವುದನ್ನು ಒಪ್ಪದೆ ಇದ್ದಾರೋ, ಅದು ಕೀಲು.

ಅದನ್ನು ಹುಡುಕುವ ಕೆಲಸದ ಬಗ್ಗೆ ಈ ಲೇಖನ. ಉದಾಹರಣೆಗಳು ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದವು. ಜಗಳ ದೊಡ್ಡದು, ಊರು ಚಿಕ್ಕದು, ಹಾಗಾಗಿ ಕಾಣಿಸೋದು ಸುಲಭ.

ವಾಲಿ ಏನು ಕೇಳಿದ, ರಾಮ ಏನು ಹೇಳಿದ

ತಾಳಮದ್ದಳೆ ಕೂತು ಕೇಳಿದವರಿಗೆ ಇದು ಹೊಸ ವಿಷಯವಲ್ಲ. ವಾಲಿವಧೆ ಪ್ರಸಂಗ ತಗೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ಕೇಳೋದು, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ. ರಾಮ ಹೇಳೋದು, ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಶಿಕ್ಷೆ ಆಗಬೇಕಿತ್ತು ಅಂತ. ಒಬ್ಬನ ಪ್ರಶ್ನೆ ಹೊಡೆದ ರೀತಿಯ ಬಗ್ಗೆ, ಇನ್ನೊಬ್ಬನ ಉತ್ತರ ಹೊಡೆದ ಕಾರಣದ ಬಗ್ಗೆ. ಸಾಧಾರಣ ಅರ್ಥಧಾರಿಗಳು ಇಬ್ಬರು ಸಿಕ್ಕಿದರೆ ರಾತ್ರಿಯಿಡೀ ಹೀಗೇ ಹೋಗುತ್ತದೆ, ಸಭಿಕರು ಚಪ್ಪಾಳೆ ಹೊಡೆಯುತ್ತಾರೆ, ವಿಷಯ ಇದ್ದಲ್ಲೇ ಇರುತ್ತದೆ.

ಚುರುಕಿನ ವಾಲಿ ಸಿಕ್ಕಿದರೆ ಕತೆ ಬೇರೆ. ರಾಮ 'ನೀನು ಮೃಗ, ಬೇಟೆಗಾರ ಮೃಗವನ್ನು ಮರೆಯಿಂದಲೇ ಹೊಡೆಯೋದು' ಅನ್ನುವ ಕಡೆಗೆ ಬರುವವರೆಗೆ ಅವನು ಕಾಯುತ್ತಾನೆ. ಆಮೇಲೆ ಹಿಡಿಯುತ್ತಾನೆ. ನಾನು ಮೃಗವಾದರೆ ತಮ್ಮನ ಹೆಂಡತಿಯ ವಿಚಾರದಲ್ಲಿ ಮನುಷ್ಯಧರ್ಮದ ಶಿಕ್ಷೆ ಹೇಗೆ? ಧರ್ಮಕ್ಕೆ ಒಳಪಟ್ಟವನಾದರೆ ಎದುರು ನಿಂತು ಯುದ್ಧ ಮಾಡಬೇಕಿತ್ತಲ್ಲ? ಇಲ್ಲಿ ಕೀಲು ಸಿಕ್ಕಿತು. ಮರದ ಮರೆ, ರುಮೆ, ಸುಗ್ರೀವನ ಸಖ್ಯ ಎಲ್ಲ ಬದಿಗೆ ಸರಿದು ಒಂದೇ ಪ್ರಶ್ನೆ ಉಳಿಯಿತು, ವಾಲಿ ಯಾವ ಕಟ್ಟಳೆಗೆ ಒಳಪಟ್ಟವನು? ರಾಮನ ಪಾತ್ರಧಾರಿಗೆ ಈಗ ನಿಜವಾದ ಕೆಲಸ ಶುರು.

ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ ಇದಕ್ಕೆ ಹೆಸರುಗಳೂ ಇವೆ. ಗೌತಮನ ನ್ಯಾಯಸೂತ್ರ ಚರ್ಚೆಯನ್ನು ಮೂರು ಮಾಡುತ್ತದೆ: ಸತ್ಯ ತಿಳಿಯಲು ನಡೆಸುವ ವಾದ, ಗೆಲ್ಲಲಿಕ್ಕೆ ನಡೆಸುವ ಜಲ್ಪ, ತನ್ನದೇ ನಿಲುವು ಇಲ್ಲದೆ ಎದುರಿನವರದ್ದನ್ನು ಬರೀ ಕೆಡವುವ ವಿತಂಡ. ಟಿವಿ ಡಿಬೇಟ್ ಯಾವುದಕ್ಕೆ ಸೇರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷ ಅನ್ನೋ ಪದ್ಧತಿಯೂ ಇದೆ, ಅಂದರೆ ಎದುರಿನವರ ವಾದವನ್ನು ಮೊದಲು ಸರಿಯಾಗಿ ನಿಲ್ಲಿಸಿ, ಆಮೇಲೆ ಉತ್ತರ ಕೊಡೋದು. ಎದುರಿನವರು ಅದನ್ನು ಕೇಳಿ 'ಹೌದು, ನಾನು ಹೇಳೋದು ಇದನ್ನೇ' ಅನ್ನಬೇಕು. ಅಷ್ಟು ಹೇಳಿಸಿಕೊಳ್ಳಲಾಗದಿದ್ದರೆ ನೀವು ಇನ್ನೂ ಜಗಳದ ಹೊರಗೇ ನಿಂತಿದ್ದೀರಿ.

ಪೂರ್ವಪಕ್ಷ ಆದಮೇಲೆ ಎರಡು ಕೆಲಸ ಉಳಿಯುತ್ತದೆ. ಇಬ್ಬರೂ ಆಗಲೇ ಒಪ್ಪಿರುವುದನ್ನೆಲ್ಲ ಹೊಡೆದುಹಾಕೋದು ಒಂದು. ನೀವು ಊಹಿಸಿದ್ದಕ್ಕಿಂತ ಹೆಚ್ಚೇ ಇರುತ್ತದೆ. ಇನ್ನೊಂದು, ಉಳಿದದ್ದರಲ್ಲಿ ಒಂದೊಂದನ್ನೇ ಬದಲಾಯಿಸಿ ಕೇಳೋದು: 'ಇದೊಂದು ಹೀಗಿಲ್ಲದೆ ಹಾಗಿದ್ದರೆ ನಿಮ್ಮ ನಿಲುವು ಏನು?' ಕೋಡ್‌ನಲ್ಲಿ ಬಗ್ ಹುಡುಕುವವರು ಮಾಡೋದೂ ಇದನ್ನೇ. ಹತ್ತು ಸಾಲು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗೋದಿಲ್ಲ.

ಕಸ್ತೂರಿರಂಗನ್: ಒಂದು ಜಗಳದ ಒಳಗೆ ಮೂರು

ಮೊದಲು ಇತಿಹಾಸ, ಸಂಕ್ಷಿಪ್ತವಾಗಿ. ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಇಡೀ ಪಶ್ಚಿಮ ಘಟ್ಟವನ್ನು ಸೂಕ್ಷ್ಮ ಅಂತ ಪರಿಗಣಿಸಿ, ಮೂರು ವಲಯ ಮಾಡಿ, ಅಂತಿಮ ಗಡಿ ಮತ್ತು ನಿಯಮಗಳು ಗ್ರಾಮಸಭೆಯಿಂದ ಮೇಲೆ ಬರಬೇಕು ಅಂತ ಹೇಳಿತು. ರಾಜ್ಯಗಳು ಒಪ್ಪಲಿಲ್ಲ. ಇಸ್ರೋದ ಮಾಜಿ ಅಧ್ಯಕ್ಷ ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ಸಮಿತಿ ಬಂತು. 2013ರ ಏಪ್ರಿಲ್‌ನಲ್ಲಿ ಅದು ಕೊಟ್ಟ ವರದಿ ಉಪಗ್ರಹ ಚಿತ್ರ ಆಧರಿಸಿ ಘಟ್ಟದ ಶೇ 37ರಷ್ಟನ್ನು, ಅಂದರೆ 59,940 ಚದರ ಕಿ.ಮೀ. ಪ್ರದೇಶವನ್ನು ಪರಿಸರ ಸೂಕ್ಷ್ಮ ಅಂತ ಗುರುತಿಸಿತು. ಕರ್ನಾಟಕದ ಪಾಲು 20,668 ಚ.ಕಿ.ಮೀ. ಕೇಂದ್ರ ಸರ್ಕಾರ 2014ರ ಮಾರ್ಚ್‌ನಲ್ಲಿ ಮೊದಲ ಕರಡು ಅಧಿಸೂಚನೆ ಹೊರಡಿಸಿತು. ಅದರ ಅವಧಿ ಮುಗಿಯಿತು, ಮತ್ತೆ ಕರಡು, ಮತ್ತೆ ಅವಧಿ ಮುಗಿಯಿತು. ಆರನೆಯದು 2024ರ ಜುಲೈ 31ರದ್ದು, ವಯನಾಡ್ ಭೂಕುಸಿತದ ಮಾರನೇ ದಿನ. ಅದೇ ಸೆಪ್ಟೆಂಬರ್‌ನಲ್ಲಿ ಸಿದ್ದರಾಮಯ್ಯ ಸರ್ಕಾರದ ಸಂಪುಟ ಅದನ್ನು ತಿರಸ್ಕರಿಸಿತು. ಹಿಂದೆ ಬೊಮ್ಮಾಯಿ ಸರ್ಕಾರವೂ ವಿರೋಧಿಸಿತ್ತು. ಕಾಂಗ್ರೆಸ್-ಬಿಜೆಪಿ ಇಷ್ಟು ಒಮ್ಮತದಿಂದ ಒಪ್ಪಿದ ವಿಷಯ ಕರಾವಳಿ-ಮಲೆನಾಡಲ್ಲಿ ಇನ್ನೊಂದು ಸಿಗೋದು ಕಷ್ಟ. ಹಾಗಾಗಿ ಪಕ್ಷಗಳ ಗೆರೆ ನೋಡಿ ಜಗಳದ ಗೆರೆ ಹುಡುಕಲು ಹೋದರೆ ಇಲ್ಲಿ ಏನೂ ಸಿಗುವುದಿಲ್ಲ.

ಕರಡಿನಲ್ಲಿ ನಿಷೇಧ ಆಗೋದು ಏನು? ಗಣಿಗಾರಿಕೆ, ಕಲ್ಲುಕೋರೆ, ಹೊಯಿಗೆ ತೆಗೆಯೋದು. ಈಗಿರುವ ಗಣಿಗಳು ಐದು ವರ್ಷದೊಳಗೆ ಅಥವಾ ಗುತ್ತಿಗೆ ಮುಗಿದಾಗ ಮುಚ್ಚಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಇಲ್ಲ, ಹೊಸ ಕೆಂಪು ವರ್ಗದ ಕೈಗಾರಿಕೆ ಇಲ್ಲ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಇಲ್ಲ, 50 ಹೆಕ್ಟೇರ್ ಮತ್ತು ಅದಕ್ಕಿಂತ ದೊಡ್ಡ ಟೌನ್‌ಶಿಪ್ ಇಲ್ಲ. ಇರುವ ಮನೆ ರಿಪೇರಿ, ವಿಸ್ತರಣೆಗೆ ನಿರ್ಬಂಧ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಒಕ್ಕಲೆಬ್ಬಿಸುವ ಮಾತು ಎಲ್ಲೂ ಇಲ್ಲ.

ಪರಿಸರದ ಪರ ಇರುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ, 'ಓದಿ ನೋಡಿ ಮಾರಾಯ್ರೆ, ಎಲ್ಲಿದೆ ಒಕ್ಕಲೆಬ್ಬಿಸೋದು?' ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಕೊಲ್ಲೂರು, ಜಡ್ಕಲ್, ಮುದೂರು ಕಡೆಯ ಕೃಷಿಕರಿಗೆ ಅದನ್ನು ತೋರಿಸಿದರೆ ಯಾರೂ ನಿಲುವು ಬದಲಾಯಿಸೋದಿಲ್ಲ. ಅಜ್ಞಾನ ಅಂತ ತಳ್ಳಿಹಾಕುವ ಮೊದಲು ಇದನ್ನು ಸುಳಿವು ಅಂತ ತಗೊಳ್ಳಬೇಕು. ಪಠ್ಯ ತೋರಿಸಿದಮೇಲೂ ನಿಲುವು ಅಲ್ಲಾಡಲಿಲ್ಲ ಅಂದರೆ ಕೀಲು ಪಠ್ಯದಲ್ಲಿ ಇಲ್ಲ.

ಎಲ್ಲಿದೆ ಅಂತ ತಿಳಿಯಲು ಆ ಊರಿನ ನೆನಪು ನೋಡಬೇಕು. ಮೂಕಾಂಬಿಕಾ ವನ್ಯಜೀವಿಧಾಮ 1974ರಲ್ಲಿ 247 ಚ.ಕಿ.ಮೀ. ಇತ್ತು, 2011ರಲ್ಲಿ 370 ದಾಟಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದಮೇಲೆ ಒಳಗಿದ್ದ ಕುಟುಂಬಗಳಿಗೆ ಬಂದ ಪುನರ್ವಸತಿ ಪ್ಯಾಕೇಜಿನ ಕತೆ ಎಲ್ಲರಿಗೂ ಗೊತ್ತು. ಸುಪ್ರೀಂ ಕೋರ್ಟಿನ 1996ರ ಗೋದಾವರ್ಮನ್ ಆದೇಶದ ಬೆನ್ನಿಗೆ ಬಂದ 'ಡೀಮ್ಡ್ ಫಾರೆಸ್ಟ್' ಪಟ್ಟಿಯಲ್ಲಿ ರಾಜ್ಯದ 9.94 ಲಕ್ಷ ಹೆಕ್ಟೇರ್ ಸೇರಿತ್ತು. 2022ರಲ್ಲಿ ಸರ್ಕಾರವೇ ಅದನ್ನು ಸುಮಾರು 3.30 ಲಕ್ಷಕ್ಕೆ ಇಳಿಸಿತು. ಅಂದರೆ ಮೊದಲ ಪಟ್ಟಿಯ ಮೂರರಲ್ಲಿ ಎರಡು ಪಾಲು ಅಲ್ಲಿ ಇರಬಾರದಿತ್ತು ಅಂತ ಸರ್ಕಾರವೇ ಒಪ್ಪಿಕೊಂಡಂತೆ. ಇದರ ಮೇಲೆ ಕುಮ್ಕಿ. ಅಜ್ಜನ ಕಾಲದಿಂದ ಸೊಪ್ಪು, ಸೌದೆ ತಂದ ಜಾಗ. ಅನುಭವಿಸುವ ಸವಲತ್ತು ಇದೆ, ಪಟ್ಟೆ ಇಲ್ಲ. ಅಕ್ರಮ-ಸಕ್ರಮದ ಅರ್ಜಿ ಕೊಟ್ಟವರಿಗೆ 'ಅರಣ್ಯ ಇಲಾಖೆಯ ಅಭಿಪ್ರಾಯ ಬರಬೇಕು' ಅನ್ನೋ ಉತ್ತರ ಕೇಳಿ ಅಭ್ಯಾಸವಾಗಿದೆ.

ಇದು ಬೇರೆ ಕಾನೂನು ಅಂತ ಪರಿಸರ ಪಕ್ಷ ಹೇಳುತ್ತದೆ. ಅದೂ ಸರಿಯೇ. ಅಭಯಾರಣ್ಯ ಆಗೋದು 1972ರ ವನ್ಯಜೀವಿ ಕಾಯ್ದೆಯಡಿ, ಪರಿಸರ ಸೂಕ್ಷ್ಮ ಪ್ರದೇಶ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ. ಕೃಷಿಕರ ಉತ್ತರ: ಕಾನೂನು ಬೇರೆ ಇರಬಹುದು, ಬರುವ ಗಾರ್ಡು ಅದೇ. ಒಬ್ಬರು ಬರೆದದ್ದನ್ನು ನೋಡಿ ಮಾತಾಡುತ್ತಿದ್ದಾರೆ, ಇನ್ನೊಬ್ಬರು ಬರೆದವರ ನಡವಳಿಕೆ ನೋಡಿ. 'ಒಕ್ಕಲೆಬ್ಬಿಸುತ್ತಾರೆ' ಅನ್ನೋದು ಕರಡಿನ ಬಗ್ಗೆ ಹೇಳಿದ ಮಾತೇ ಅಲ್ಲ, ಮುಂದಿನ ಇಪ್ಪತ್ತು ವರ್ಷ ಸರ್ಕಾರ ಹೇಗೆ ವರ್ತಿಸುತ್ತದೆ ಅನ್ನುವ ಅಂದಾಜು. ಅದನ್ನು 'ಸುಳ್ಳು ಸುದ್ದಿ' ಅಂತ ಫ್ಯಾಕ್ಟ್‌ಚೆಕ್ ಮಾಡಿದರೆ ಕೆಲಸ ಮುಗಿಯೋದಿಲ್ಲ. ಮೊದಲ ಕೀಲು ಇದು, ನಂಬಿಕೆ.

ಎರಡನೆಯದು ಅಳತೆಯದ್ದು. ಕಸ್ತೂರಿರಂಗನ್ ಸಮಿತಿ 24 ಮೀಟರ್ ಸ್ಪಷ್ಟತೆಯ ಉಪಗ್ರಹ ದತ್ತಾಂಶ ಬಳಸಿತು. ಆದರೆ ಪಟ್ಟಿ ಮಾಡುವಾಗ ಘಟಕ ಆಗಿದ್ದು ಇಡೀ ಗ್ರಾಮ. ಗ್ರಾಮದ ಶೇ 20ರಷ್ಟು ಸೂಕ್ಷ್ಮ ಪ್ರದೇಶ ಇದ್ದರೆ ಇಡೀ ಗ್ರಾಮ ಪಟ್ಟಿಗೆ. ಸಾವಿರ ಎಕರೆಯ ಊರಲ್ಲಿ ಇನ್ನೂರು ಎಕರೆ ಕಾಡಿದ್ದರೆ, ಉಳಿದ ಎಂಟುನೂರು ಎಕರೆಯ ತೋಟ, ಗದ್ದೆ, ಶಾಲೆ, ಪೇಟೆ ಎಲ್ಲ ಒಳಗೆ. 24 ಮೀಟರ್ ಲೆಕ್ಕದಲ್ಲಿ ಅಳೆದು ಕೊನೆಗೆ ಗ್ರಾಮದ ಲೆಕ್ಕಕ್ಕೆ ರೌಂಡ್ ಆಫ್ ಮಾಡೋದು ಯಾವ ಲ್ಯಾಬಿನಲ್ಲೂ ನಡೆಯುವಂಥದ್ದಲ್ಲ. ಮೇಲಿಂದ ನೋಡಿದರೆ ಅಡಿಕೆ, ರಬ್ಬರ್ ತೋಟವೂ ಹಸಿರೇ, ಅದನ್ನೂ ಕಾಡು ಅಂತ ಎಣಿಸಿದ್ದಾರೆ ಅನ್ನೋ ದೂರು ಇದರ ಜೊತೆ ಸೇರಿಕೊಂಡಿದೆ.

ಇಲ್ಲಿ ಪರೀಕ್ಷೆಗೆ ಒಂದು ನಿಜವಾದ ಪ್ರಸಂಗವೇ ಇದೆ. ಕೇರಳದಲ್ಲೂ 2013ರಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಅಲ್ಲಿನ ಸರ್ಕಾರ ಉಮ್ಮನ್ ವಿ. ಉಮ್ಮನ್ ಸಮಿತಿ ಮಾಡಿ, ಜಾಗಕ್ಕೆ ಹೋಗಿ ಪರಿಶೀಲಿಸಿ, ಜನವಸತಿ ಮತ್ತು ತೋಟಗಳನ್ನು ಬೇರ್ಪಡಿಸಿ ಕೊಟ್ಟಿತು. 2014ರ ಕರಡಿನಲ್ಲಿ ಕೇರಳದ ಪಾಲು 13,108ರಿಂದ 9,993.7 ಚ.ಕಿ.ಮೀ.ಗೆ ಇಳಿಯಿತು. ಕರ್ನಾಟಕ ಮಾಡಿದ್ದು ಪೂರ್ತಿ ತಿರಸ್ಕಾರ. ಪೂರ್ತಿ ತಿರಸ್ಕರಿಸುವುದಕ್ಕೆ ಸಂಪುಟದ ಒಂದು ನಿರ್ಣಯ ಸಾಕು. ಸರ್ವೆ ನಂಬರ್ ಹಿಡಿದು ಗೆರೆ ಎಳೆಯಲು ಕಂದಾಯದವರು, ಅರಣ್ಯದವರು, ಪಂಚಾಯಿತಿಯವರು ಒಟ್ಟಿಗೆ ತೋಡು ದಾಟಿ ಗುಡ್ಡ ಹತ್ತಬೇಕು.

ಹಾಗಾದರೆ ಈ ಪ್ರಶ್ನೆ ಕೇಳಿ ನೋಡಿ: 'ಕೇರಳದ ಹಾಗೆ ನಿಮ್ಮ ತೋಟ, ಮನೆ, ಪೇಟೆ ಬಿಟ್ಟು ಕಾಡನ್ನು ಮಾತ್ರ ಗುರುತಿಸಿದರೆ ಒಪ್ಪುತ್ತೀರಾ?' ಒಪ್ಪುತ್ತೇವೆ ಅನ್ನುವವರ ಕೀಲು ಅಳತೆಯಲ್ಲಿದೆ. ಅದು ಬಗೆಹರಿಯುವ ಜಗಳ. 'ಇವತ್ತು ಬಿಡ್ತಾರೆ, ನಾಳೆ ಸೇರಿಸ್ತಾರೆ' ಅನ್ನುವವರ ಕೀಲು ನಂಬಿಕೆಯಲ್ಲಿದೆ. ಅವರಿಗೆ ನಕ್ಷೆ ತೋರಿಸಿ ಪ್ರಯೋಜನ ಇಲ್ಲ, ಮೊದಲು ಪಟ್ಟೆ ಕೊಡಬೇಕು. ಇನ್ನು 'ಕಾಡನ್ನು ಮಾತ್ರ ಗುರುತಿಸಿದರೂ ಬೇಡ' ಅಂತ ಪಟ್ಟು ಹಿಡಿಯುವವರಿಗೆ ಮತ್ತೊಂದು ಪ್ರಶ್ನೆ: 'ಗಣಿ, ಕೋರೆ, ಹೊಯಿಗೆಯ ಕಲಮು ತೆಗೆದರೆ?' ಅಷ್ಟಕ್ಕೇ ಮುಖ ಅರಳಿದರೆ ಅವರ ಕೀಲು ಎಲ್ಲಿದೆ ಅಂತ ಗೊತ್ತಾಯಿತು. ಪ್ರತಿಭಟನೆಯ ಒಂದೇ ಬ್ಯಾನರಿನ ಹಿಂದೆ ಐದು ಸೆಂಟ್ಸ್ ಜಾಗಕ್ಕೆ ಹಕ್ಕುಪತ್ರ ಇಲ್ಲದವರೂ ನಿಂತಿರಬಹುದು, ಕೋರೆಯ ಲಾರಿ ಇರುವವರೂ ನಿಂತಿರಬಹುದು. ಘೋಷಣೆ ಒಂದೇ, ಭಯ ಬೇರೆ ಬೇರೆ. ಎರಡನೆಯವರು ಮೊದಲನೆಯವರ ಭಯದ ಮರೆಯಲ್ಲಿ ನಿಲ್ಲೋದು ಸುಲಭ. ಇದನ್ನು ಬಿಡಿಸದೆ ಇಡೀ ಗುಂಪನ್ನು 'ಮಾಫಿಯಾ' ಅಂದವರು ಕೃಷಿಕರನ್ನು ಕಳೆದುಕೊಂಡರು.

ಪರಿಸರದ ಕಡೆಯಲ್ಲೂ ಇದೇ ಒಡಕು ಇದೆ, ಅವರೂ ಪ್ರಶ್ನೆ ಎದುರಿಸಬೇಕು. 'ನಾಳೆ ಗ್ರಾಮಸಭೆ ಸೇರಿ, ಎಲ್ಲ ಮಾಹಿತಿ ನೋಡಿ, ಬೇಡ ಅಂತ ನಿರ್ಣಯ ಮಾಡಿದರೆ ನೀವು ಒಪ್ಪುತ್ತೀರಾ?' ಗಾಡ್ಗೀಳ್ ದಾರಿಯವರು ಒಪ್ಪಬೇಕಾಗುತ್ತದೆ. ಗಾಡ್ಗೀಳರೇ 2013ರಲ್ಲಿ ಕಸ್ತೂರಿರಂಗನ್ ಅವರಿಗೆ ಬಹಿರಂಗ ಪತ್ರ ಬರೆದು, ಸ್ಥಳೀಯರಿಗೆ ನಿರ್ಧಾರದಲ್ಲಿ ಪಾತ್ರವಿಲ್ಲ ಎಂಬ ಧೋರಣೆಯನ್ನು ಟೀಕಿಸಿದ್ದರು. 'ಘಟ್ಟ ಬರೀ ಆ ಊರಿನದ್ದಲ್ಲ, ಕೆಳಗೆ ನೀರು ಕುಡಿಯುವವರದ್ದೂ ಹೌದು' ಅನ್ನುವವರು ಒಪ್ಪೋದಿಲ್ಲ. ಅವರ ಮಾತಿನಲ್ಲೂ ತಿರುಳಿದೆ. ಸೌಪರ್ಣಿಕಾ ಕೊಲ್ಲೂರಿನಲ್ಲಿ ಹರಿದು ಗಂಗೊಳ್ಳಿಯಲ್ಲಿ ಕಡಲು ಸೇರುತ್ತದೆ. ನದಿಯ ಬಗ್ಗೆ ನಿರ್ಧಾರ ಮಾಡುವ ಹಕ್ಕು ಕೊಲ್ಲೂರಿನ ಗ್ರಾಮಸಭೆಗೆ ಮಾತ್ರ ಯಾಕೆ? ಮೂರನೇ ಕೀಲು ಇದು, ನಿರ್ಧಾರ ಯಾರದ್ದು. ನನ್ನ ಅಂದಾಜಿನಲ್ಲಿ ಈ ಮೂರರಲ್ಲಿ ಅತ್ಯಂತ ಕಷ್ಟದ್ದೂ ಇದೇ. ಹತ್ತಕ್ಕೂ ಹೆಚ್ಚು ವರ್ಷದ ಗಲಾಟೆಯಲ್ಲಿ ಅತ್ಯಂತ ಕಡಿಮೆ ಚರ್ಚೆಯಾದದ್ದೂ ಇದೇ.

ಗೇಟಿನ ಎರಡು ಬದಿ

2022ರ ಫೆಬ್ರವರಿ 3ರಂದು ಕುಂದಾಪುರದ ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರನ್ನು ತಡೆದರು. ಅದಕ್ಕೂ ಮೊದಲೇ ಕೇಸರಿ ಶಾಲು ಹಾಕಿದ ಹುಡುಗರು ಬಂದಿದ್ದರು. ಉಡುಪಿಯಲ್ಲಿ ಶುರುವಾದದ್ದು ದೇಶದ ಸುದ್ದಿಯಾದದ್ದು ಈ ಗೇಟಿನ ವಿಡಿಯೋದಿಂದ. ಫೆಬ್ರವರಿ 5ಕ್ಕೆ ಸರ್ಕಾರದ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟಿನ ತ್ರಿಸದಸ್ಯ ಪೀಠದ ತೀರ್ಪು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಭಿನ್ನ ತೀರ್ಪು.

ಇಲ್ಲಿ ಚಾಲ್ತಿಯ ಘೋಷಣೆಗಳು 'ಸಮವಸ್ತ್ರ ಮುಖ್ಯ' ಮತ್ತು 'ಹಿಜಾಬ್ ನಮ್ಮ ಹಕ್ಕು'. ಒಪ್ಪಿಗೆ ಇರುವುದನ್ನು ಮೊದಲು ಹೊಡೆದುಹಾಕೋಣ. ಸಮವಸ್ತ್ರ ಬೇಡ ಅಂತ ಅರ್ಜಿದಾರರು ಹೇಳಲೇ ಇಲ್ಲ. ಸಮವಸ್ತ್ರದ ಮೇಲೆ ಅದೇ ಬಣ್ಣದ ಶಿರವಸ್ತ್ರ ಹಾಕುತ್ತೇವೆ ಅಂದರು. ಕಾಲೇಜಿಗೆ ಶಿಸ್ತು ಬೇಕು, ಹುಡುಗಿಯರು ಓದಬೇಕು ಅನ್ನೋದನ್ನು ಎದುರಿನವರೂ ಅಲ್ಲಗಳೆಯಲಿಲ್ಲ. ಹೀಗಾಗಿ 'ಸಮವಸ್ತ್ರ ಬೇಕೇ ಬೇಡವೇ' ಅಂತ ಟಿವಿಯಲ್ಲಿ ನಡೆದ ಚರ್ಚೆ ಗಾಳಿಗೆ ಗುದ್ದಿದಂತೆ.

ಈಗ ಶಾಲು. ಒಂದನ್ನು ಬದಲಾಯಿಸಿ ನೋಡುವ ಪರೀಕ್ಷೆ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಜಾಬ್ ತೆಗೆದರೆ ನಾವೂ ಶಾಲು ತೆಗೆಯುತ್ತೇವೆ ಅನ್ನೋದು ಹುಡುಗರ ಮಾತಾಗಿತ್ತು. ಅಂದರೆ ಅವರು ಶಾಲಿನ ಹಕ್ಕು ಕೇಳುತ್ತಿರಲಿಲ್ಲ, 'ಅವರಿಗೆ ಇದ್ದರೆ ನಮಗೂ' ಅನ್ನುವ ಸರಿಸಮಾನತೆ ಕೇಳುತ್ತಿದ್ದರು. ಕೀಲು ಹೀಗೆ ಒಂದು ಹೋಲಿಕೆಯ ಮೇಲೆ ಬಂದು ನಿಂತಿತು. ಹಿಜಾಬ್ ಮತ್ತು ಶಾಲು ಒಂದೇ ತಕ್ಕಡಿಗೆ ಬರುತ್ತವೆಯೇ? ಬರುತ್ತವೆ ಅನ್ನುವವರಿಗೆ ಎರಡೂ ತರಗತಿಯೊಳಗಿನ ಧಾರ್ಮಿಕ ಗುರುತು. ಬರೋದಿಲ್ಲ ಅನ್ನುವವರಿಗೆ ಒಂದು ದಿನನಿತ್ಯದ ಉಡುಪು, ಇನ್ನೊಂದು ಅದಕ್ಕೆ ಉತ್ತರವಾಗಿ ಆ ವಾರ ಹಾಕಿದ್ದು. ಕುಂದಾಪುರದ ವಿದ್ಯಾರ್ಥಿನಿಯರ ಅರ್ಜಿ ಒತ್ತಿ ಹೇಳಿದ್ದೂ ತಾವು ಕಾಲೇಜಿಗೆ ಸೇರಿದಂದಿನಿಂದ ಅದನ್ನು ಧರಿಸಿಯೇ ಬರುತ್ತಿದ್ದೆವು ಅನ್ನುವುದನ್ನು. ಹೋಲಿಕೆಯ ಪ್ರಶ್ನೆಯಲ್ಲಿ ನನಗೆ ಎರಡನೆಯದೇ ಹೆಚ್ಚು ಸರಿ ಕಾಣುತ್ತದೆ. ಆದರೆ ಅಷ್ಟು ಮಾತ್ರಕ್ಕೆ ಸಮವಸ್ತ್ರ ಪಕ್ಷ ಸೋತಂತಲ್ಲ, ಅವರ ಇನ್ನೊಂದು ಕೀಲು ಬಾಕಿ ಇದೆ.

ಅದನ್ನು ತೋರಿಸಿಕೊಟ್ಟವರು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು. ನ್ಯಾ. ಹೇಮಂತ್ ಗುಪ್ತಾ ಮೇಲ್ಮನವಿ ವಜಾ ಮಾಡಿದರು, ನ್ಯಾ. ಸುಧಾಂಶು ಧೂಲಿಯಾ ಪುರಸ್ಕರಿಸಿದರು. ಇಬ್ಬರ ಮುಂದೆಯೂ ಅದೇ ಕಡತ, ಅದೇ ವಕೀಲರು, ಅದೇ ಸಂವಿಧಾನ. ಒಂದೇ ಮಾಹಿತಿ ಇಟ್ಟುಕೊಂಡು ಇಬ್ಬರು ಬೇರೆ ಬೇರೆ ಕಡೆ ಹೋದರೆ ಕೀಲು ಮಾಹಿತಿಯಲ್ಲಿ ಇಲ್ಲ ಅಂತ ಖಾತ್ರಿಯಾಗಿ ಹೇಳಬಹುದು. ಹೈಕೋರ್ಟು ಹೆಚ್ಚು ಶ್ರಮ ಹಾಕಿದ್ದು ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯೇ ಎಂಬುದರ ಮೇಲೆ, ಅಲ್ಲ ಅಂತ ಹೇಳಿತು. ಧೂಲಿಯಾ ಆ ಪ್ರಶ್ನೆಗೇ ಹೋಗಬೇಕಾಗಿರಲಿಲ್ಲ ಅಂದರು. ಅವರ ಪ್ರಕಾರ ಇದು ಆಯ್ಕೆಯ ವಿಷಯ, ಜೊತೆಗೆ ಹುಡುಗಿಯನ್ನು ಶಾಲೆಯಿಂದ ದೂರ ಮಾಡಿದರೆ ಅವಳ ಬದುಕು ಉತ್ತಮ ಆಗುತ್ತದೆಯೇ ಎಂಬ ಪ್ರಶ್ನೆ. ಗುಪ್ತಾ ಅವರಿಗೆ ಜಾತ್ಯತೀತ ಶಾಲೆಯಲ್ಲಿ ಎಲ್ಲರೂ ಒಂದೇ ರೀತಿ ಕಾಣುವುದೇ ಮೌಲ್ಯ.

ಬಿಡಿಸಿದರೆ ಉಳಿಯೋದು ಇದು: ವಿನಾಯಿತಿ ಕೇಳುವವರು ಅದು ತಮಗೆ ಎಷ್ಟು ಅಗತ್ಯ ಅಂತ ಸಾಬೀತು ಮಾಡಬೇಕೋ, ತಡೆಯುವವರು ಅದರಿಂದ ಏನು ಹಾನಿ ಅಂತ ಸಾಬೀತು ಮಾಡಬೇಕೋ? ಸಾಬೀತಿನ ಹೊರೆ ಯಾರ ಹೆಗಲಿಗೆ ಅನ್ನೋದರ ಮೇಲೆ ಉಳಿದದ್ದೆಲ್ಲ ತಿರುಗುತ್ತದೆ. ಈ ಪ್ರಶ್ನೆ ಹಿಜಾಬಿಗೆ ಮಾತ್ರ ಸಂಬಂಧಿಸಿದ್ದಲ್ಲ. ಇದಕ್ಕೆ ನೀವು ಕೊಡುವ ಉತ್ತರವನ್ನೇ ಜನಿವಾರ, ಪೇಟ, ಅಯ್ಯಪ್ಪ ಮಾಲೆಗೂ ಕೊಡಲು ಸಿದ್ಧರಿದ್ದೀರಾ ಅಂತ ನೋಡಿಕೊಳ್ಳಬಹುದು. ಇಲ್ಲವಾದರೆ ಅದು ನಿಮ್ಮ ನಿಜವಾದ ಕೀಲಲ್ಲ.

ಇಬ್ಬರಿಗೂ ಅದೇ ಬೇಕಾಗಿದ್ದಾಗ

ಕೆಲವು ಜಗಳದಲ್ಲಿ ಗುರಿಯ ಬಗ್ಗೆ ಭಿನ್ನಮತವೇ ಇರೋದಿಲ್ಲ. ಬೆಳಕು ಮೀನುಗಾರಿಕೆ ನೋಡಿ. ಪ್ರಖರ ಎಲ್‌ಇಡಿ ದೀಪ ಹಾಕಿ ಮೀನು ಸೆಳೆದು ಬಾಚುವುದನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಮರವಂತೆ, ಗಂಗೊಳ್ಳಿ ಕಡೆಯ ನಾಡದೋಣಿಯವರು ಅದನ್ನು ಜಾರಿ ಮಾಡಿ ಅನ್ನುತ್ತಾರೆ. ಯಾಂತ್ರಿಕ ದೋಣಿಯವರಲ್ಲೂ ಮರಿ ಮೀನು ಹೋದರೆ ಮುಂದೆ ಮೀನೇ ಇಲ್ಲ ಅಂತ ಗೊತ್ತಿಲ್ಲದವರು ಯಾರಿಲ್ಲ. ಅವರ ಉತ್ತರ, 'ನಾವು ಬಿಟ್ಟರೆ ಬೇರೆ ರಾಜ್ಯದವರು ಬಂದು ಹಿಡೀತಾರೆ.' ಇದು ದೀಪದ ಪರವಾದ ವಾದ ಅಲ್ಲ, ಮೊದಲು ಬಿಟ್ಟವನು ಪೆದ್ದ ಆಗುತ್ತಾನೆ ಅನ್ನುವ ವಾದ. ಇಂಥ ಕಡೆ ಮೀನಿನ ಸಂತತಿಯ ಬಗ್ಗೆ ಎಷ್ಟು ಉಪನ್ಯಾಸ ಕೊಟ್ಟರೂ ವ್ಯರ್ಥ. 12 ನಾಟಿಕಲ್ ಮೈಲಿಯ ಆಚೆ ಕರಾವಳಿ ರಕ್ಷಣಾ ಪಡೆ ಎಲ್ಲ ರಾಜ್ಯದ ದೋಣಿಗಳನ್ನೂ ಒಂದೇ ರೀತಿ ಹಿಡಿಯುತ್ತದೆ ಅಂತ ಗೊತ್ತಾದ ದಿನ ವಾದ ತಾನಾಗಿ ಸಡಿಲವಾಗುತ್ತದೆ.

ಬ್ರಹ್ಮಾವರದ ಮುಚ್ಚಿದ ಸಹಕಾರಿ ಸಕ್ಕರೆ ಕಾರ್ಖಾನೆಯದ್ದೂ ಇದೇ ಜಾತಿ. ಕಬ್ಬೇ ಇಲ್ಲ, ಕಾರ್ಖಾನೆ ಯಾಕೆ? ಕಾರ್ಖಾನೆಯೇ ಇಲ್ಲ, ಕಬ್ಬು ಯಾಕೆ? ಎರಡೂ ಕಡೆಯವರು ಹೇಳುವುದು ನಿಜ. ಪ್ರಶ್ನೆ ಮೊದಲ ವರ್ಷದ ನಷ್ಟ ಯಾರು ಹೊರಬೇಕು ಅನ್ನೋದು ಮಾತ್ರ. ಅದನ್ನು ಅಷ್ಟು ನೇರವಾಗಿ ಕೇಳಿದರೆ ಭಾಷಣ ಅರ್ಧ ಆಗುತ್ತದೆ.

ಕೀಲು ಸಿಗದಿದ್ದರೆ

ಈ ವಿಧಾನ ಎಲ್ಲ ಕಡೆ ನಡೆಯೋದಿಲ್ಲ. 'ಏನು ಬದಲಾದರೆ ನಿಮ್ಮ ನಿಲುವು ಬದಲಾಗುತ್ತದೆ?' ಅಂತ ಕೇಳಿದಾಗ 'ಏನೂ ಇಲ್ಲ' ಅನ್ನುವವರು ಇದ್ದಾರೆ. ಅದೂ ಒಂದು ಉತ್ತರವೇ. ಮೌಲ್ಯದ ಬುಡದಲ್ಲಿರುವ ನಂಬಿಕೆಗಳು ಹಾಗೆಯೇ ಇರುತ್ತವೆ, ನಮ್ಮವೂ. ಅಂಥ ಕಡೆ ಮನವೊಲಿಸುವ ಕೆಲಸ ಬಿಟ್ಟು ಒಟ್ಟಿಗೆ ಬದುಕುವ ಏರ್ಪಾಡಿನ ಬಗ್ಗೆ ಮಾತಾಡಬೇಕಾಗುತ್ತದೆ, ಅದು ಬೇರೆಯೇ ಮಾತುಕತೆ.

ಹೆಚ್ಚು ತೊಂದರೆ ಕೊಡೋದು ಉತ್ತರ ಕೊಟ್ಟು ಜಾರುವವರು. ಒಂದು ಕಾರಣ ಹೇಳುತ್ತಾರೆ, ಅದಕ್ಕೆ ಪರಿಹಾರ ತೋರಿಸಿದರೆ ಇನ್ನೊಂದು. ಅದೂ ಮುಗಿದರೆ ಮೂರನೆಯದು. ನಿಲುವು ಮಾತ್ರ ಒಂದೇ. ನ್ಯಾಯಸೂತ್ರದ ವಿತಂಡಕ್ಕೆ ಹತ್ತಿರದ್ದು ಇದು. ಇವರ ಜೊತೆ ನಾಲ್ಕನೇ ಕಾರಣಕ್ಕೆ ಉತ್ತರ ಹುಡುಕುವ ಬದಲು, ಮೂರು ಕಾರಣ ಹೋದರೂ ನಿಲುವು ಹೋಗಲಿಲ್ಲ ಅಂತ ಮೂರನೆಯವರಿಗೆ ಕಾಣುವ ಹಾಗೆ ದಾಖಲಿಸಿ ಸುಮ್ಮನಾಗುವುದು ಒಳ್ಳೆಯದು.

ಇನ್ನು ಜನಪ್ರತಿನಿಧಿಗಳು. ಅವರಿಗೆ ಕೀಲು ಗೊತ್ತಿರೋದಿಲ್ಲ ಅಂತಲ್ಲ, ಬಹಿರಂಗವಾಗಿ ಹೇಳಿದರೆ ನಷ್ಟ. ಕಸ್ತೂರಿರಂಗನ್ ವಿಷಯದಲ್ಲಿ 'ಪೂರ್ತಿ ವಿರೋಧ' ಅಂದರೆ ಕೃಷಿಕರೂ ಖುಷಿ, ಕೋರೆಯವರೂ ಖುಷಿ. 'ಗೆರೆ ಸರಿ ಮಾಡಿಸುತ್ತೇನೆ' ಅಂದರೆ ಇಬ್ಬರಲ್ಲಿ ಒಬ್ಬರು ಹೋಗುತ್ತಾರೆ. ಹಾಗಾಗಿ ಮುಂದಿನ ಕರಡು ಬಂದು ಆಕ್ಷೇಪಣೆಯ 60 ದಿನಗಳ ಗಡಿಯಾರ ಶುರುವಾದಾಗ, ನಿಮ್ಮ ಶಾಸಕರ ಹತ್ತಿರ ವಿರೋಧವೋ ಬೆಂಬಲವೋ ಅಂತ ಕೇಳಬೇಡಿ. ನಮ್ಮ ಗ್ರಾಮದ ಯಾವ ಸರ್ವೆ ನಂಬರ್ ಒಳಗಿರಬೇಕು, ಯಾವುದು ಹೊರಗಿರಬೇಕು, ಆ ಪಟ್ಟಿ ನಿಮ್ಮ ಹತ್ತಿರ ಇದೆಯಾ ಅಂತ ಕೇಳಿ.